ಮಣಿಸರವನ್ನು ಹೇಳಿ ಮಾಡಿಸುವುದು

ಒಡವೆಯನ್ನು ಅಂಗಡಿಯಲ್ಲಿ ಕೊಳ್ಳುವುದು ಒಂದು ಬಗೆ. ಹೇಳಿ ಮಾಡಿಸುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಒಡವೆಯು ತಾನೇ ಮೊದಲು ಸಿದ್ಧವಾಗಿ, ತನ್ನನ್ನು ಧರಿಸುವವರಿಗಾಗಿ ಕಾದಿರುತ್ತದೆ. ಎರಡನೆಯದರಲ್ಲಿ ಧರಿಸುವ ಕಂಠವೇ ಮೊದಲು. ಒಡವೆಯು ಅದನ್ನು ಅನುಸರಿಸಿ ರೂಪುಗೊಳ್ಳುತ್ತದೆ. ಇತ್ತೀಚೆಗೆ ಅನೇಕ ಗೃಹಿಣಿಯರು ಮನೆಯಲ್ಲಿಯೇ ಕುಳಿತು ಮಣಿಸರಗಳನ್ನು ಪೋಣಿಸಿಕೊಡುವ ವೃತ್ತಿಯನ್ನು ಕೈಗೊಂಡಿರುವುದರಿಂದ, ಮಾಡಿಸುವವರಿಗೂ ಮಾಡಿಕೊಡುವವರಿಗೂ ಉಪಯುಕ್ತವಾದ ನಾಲ್ಕು ಮಾತುಗಳನ್ನು ಈ ತಿಂಗಳು ಹೇಳಬೇಕೆಂದಿದ್ದೇನೆ.

ನಮ್ಮ ಹಿರಿಯರು ಈ ವಿಷಯವನ್ನು ಅಲ್ಪವೆಂದು ಎಣಿಸಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಮುತ್ತಿನ ಹಾರಗಳಿಗೆ ಎಳೆಗಳ ಎಣಿಕೆಯನ್ನನುಸರಿಸಿ ಬೇರೆ ಬೇರೆ ಹೆಸರುಗಳನ್ನು ಹೇಳಿದ್ದಾನೆ. 1008 ಎಳೆಗಳುಳ್ಳದ್ದು ಇಂದ್ರಚ್ಛಂದ; 27 ಮುತ್ತುಗಳ ಸರ ನಕ್ಷತ್ರಮಾಲೆ. ಒಂದು ಮೊಳದ ಒಂಟಿ ಸರಕ್ಕೆ ಏಕಾವಲಿಯೆಂದು ಹೆಸರು. ಅದರ ನಡುವೆ ಒಂದು ರತ್ನವನ್ನು ಸೇರಿಸಿದರೆ ಅದೇ ಯಷ್ಟಿಯೆನಿಸುತ್ತದೆ. ಒಂದೇ ಒಂದು ಮಣಿಯ ಸೇರ್ಪಡೆಯಿಂದ ಒಡವೆಯ ಹೆಸರೇ ಬದಲಾಯಿತೆಂಬುದನ್ನು ವಾಚಕರು ಗಮನಿಸಬೇಕು. ಮಾಡಿಸುವವರು ತಮಗೆ ಬೇಕಾದುದನ್ನು ಅಷ್ಟು ಸ್ಪಷ್ಟವಾಗಿ ಹೇಳತಕ್ಕದ್ದು. "ಚೆನ್ನಾಗಿರುವಂತೆ ಒಂದು ಸರ" ಎಂದು ಹೇಳಿ ಹೋದವರಿಗೆ ಮುಂದೆ ದೂರುವ ಅಧಿಕಾರವಿರದು.

ಮೊದಲು ನಿಶ್ಚಯಿಸಬೇಕಾದದ್ದು ಅಳತೆ. ಒಂದು ದಾರವನ್ನು ಕೊರಳಿಗೆ ಹಾಕಿ, ಸರವು ಎಲ್ಲಿಯವರೆಗೆ ಇಳಿಯಬೇಕೋ ಅಲ್ಲಿಗೆ ಗುರುತುಮಾಡಿಕೊಳ್ಳುವುದು ಸುಲಭೋಪಾಯ. 18 ಅಂಗುಲದ ಸರಕ್ಕೆ 6 ಮಿಲಿಮೀಟರು ಗಾತ್ರದ ಮಣಿಗಳು, ಕೊಂಡಿಯನ್ನು ಬಿಟ್ಟು ಲೆಕ್ಕಹಾಕಿದರೆ, ಸುಮಾರು 76 ಬೇಕಾಗುತ್ತವೆ. ಮಣಿ ಮಣಿಯ ನಡುವೆ ಗಂಟು ಹಾಕಿಸಿ, ಗಂಟೊಂದಕ್ಕೆ ಒಂದು ಮಿಲಿಮೀಟರು ಹಿಡಿದರೆ 65 ಸಾಕು. ಮುತ್ತಿನ ಸರಕ್ಕೆ ರೇಷ್ಮೆಯ ದಾರವೂ ಇಂತಹ ಗಂಟುಗಳೂ ಉತ್ತಮ. ದಾರವು ಕಡಿದರೂ ಒಂದೆರಡು ಮುತ್ತು ಉದುರಬಹುದೇ ಹೊರತು ಇಡೀ ಸರ ಚೆಲ್ಲಿಹೋಗದು. ಮುತ್ತುಗಳು ಒಂದನ್ನೊಂದು ಉಜ್ಜಿ ಸವೆಯುವುದೂ ತಪ್ಪುತ್ತದೆ.

ಎರಡನೆಯದು ದ್ರವ್ಯಗಳ ಸ್ವಭಾವ. ಮುತ್ತು ಹವಳಗಳೆರಡೂ ನೀರಿನಲ್ಲಿ ಬಾಳುವ ಜೀವಿಗಳಿಂದ ಹುಟ್ಟಿದವು. ಎರಡರಲ್ಲಿಯೂ ಸುಣ್ಣದ ಅಂಶವೇ ಪ್ರಧಾನ. ಆದಕಾರಣ ಇವು ಮೃದು, ಹುಳಿಯನ್ನು ಸಹಿಸಲಾರವು. ಹಿತ್ತಾಳೆಯ ಪಾತ್ರೆಯನ್ನು ಬೆಳಗುವಂತೆ ಹುಣಿಸೆಹಣ್ಣಿನಿಂದ ಇವನ್ನು ತೊಳೆದರೆ ಕಾಂತಿಯು ಕೆಡುತ್ತದೆ. ಒದ್ದೆಯ ಬಟ್ಟೆಯಿಂದ ಮೆಲ್ಲಗೆ ಒರೆಸಿ, ನೆರಳಿನಲ್ಲಿ ಆರಿಸಿದರೆ ಸಾಕು. ಸ್ಫಟಿಕವು ಮುತ್ತಿಗಿಂತ ಬಹಳ ಗಟ್ಟಿಯಾದದ್ದು. ಎರಡನ್ನೂ ಪಕ್ಕಪಕ್ಕದಲ್ಲಿ ಪೋಣಿಸಿದರೆ ಮುತ್ತಿನ ಮೇಲೆ ಗೀರು ಬೀಳುತ್ತದೆ. ಅವುಗಳ ನಡುವೆ ಸಣ್ಣ ಚಿನ್ನದ ಗುಂಡನ್ನು ಸೇರಿಸುವುದು ಅಂದಕ್ಕೆ ಮಾತ್ರವಲ್ಲ, ರಕ್ಷಣೆಗೂ ಆಗುತ್ತದೆ.

ಮೂರನೆಯದು ಸತ್ಯ. ಚಿನ್ನದ ಒಡವೆಗಳಿಗೆ ಶುದ್ಧತೆಯ ಮುದ್ರೆಯನ್ನು ನಮ್ಮ ದೇಶದ ಅನೇಕ ಜಿಲ್ಲೆಗಳಲ್ಲಿ 2021ರಿಂದ ಕಡ್ಡಾಯಗೊಳಿಸಿದ್ದಾರೆ. ಪೋಣಿಸಿದ ಮಣಿಗೆ ಅಂತಹ ಮುದ್ರೆಯಿಲ್ಲ. ಬಹುಮಟ್ಟಿಗೆ ಮಾಡಿಕೊಡುವವರ ನಾಲಗೆಯೇ ಮುದ್ರೆ. ನಾನು ಬಲ್ಲ ಒಬ್ಬ ವಿಧವೆಯು ಈ ಕೆಲಸದಿಂದಲೇ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ. ಆಕೆಯ ಬಳಿಗೆ ಒಬ್ಬ ಗೃಹಿಣಿಯು ಬಂದು, ತೀರಿಕೊಂಡ ತಾಯಿಯ ಹವಳದ ಸರವನ್ನು ಕೊಟ್ಟು, ಅಕ್ಕತಂಗಿಯರು ಮೂವರಿಗೂ ಒಂದೊಂದು ಸರವಾಗುವಂತೆ ಹಂಚಿಕೊಡಬೇಕೆಂದು ಕೇಳಿದಳು. ಎಣಿಸಿದಾಗ 64 ಮಣಿಗಳಿದ್ದವು. ಭೂತಗನ್ನಡಿಯಲ್ಲಿ ನೋಡುವಾಗ ಮೂರು ಮಣಿಗಳಲ್ಲಿ ಹವಳದ ಸಣ್ಣ ಗೆರೆಗಳು ಕಾಣಲಿಲ್ಲ. ಅವುಗಳೊಳಗೆ ಗಾಳಿಯ ಗುಳ್ಳೆಗಳಿದ್ದವು. ಅವು ಬಣ್ಣದ ಗಾಜು.

ಈ ಮಾತನ್ನು ಹೇಳಿದರೆ, ಮಣಿಯನ್ನು ಬದಲಾಯಿಸಿದ ಅಪವಾದವು ತನ್ನ ಮೇಲೆಯೇ ಬರಬಹುದು. ಆ ಅಪವಾದವು ಹಬ್ಬಿದರೆ ಮನೆಯ ಅನ್ನವೇ ಹೋದೀತು. ಹೇಳದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಆದರೂ ಆಕೆ ಮಣಿಗಳನ್ನು ತಟ್ಟೆಯಲ್ಲಿ ಬೇರೆಯಾಗಿರಿಸಿ, ಭೂತಗನ್ನಡಿಯನ್ನು ಕೈಗೆ ಕೊಟ್ಟು, "ಅಮ್ಮಾ, ನೀವೇ ನೋಡಿ" ಎಂದಳು. ಗೃಹಿಣಿಯು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಓದಿನ ಕಾಲಕ್ಕೆ ಅಮ್ಮ ಇವನ್ನು ಮಾರಿರಬೇಕು. ಗಾಜಿನವನ್ನೂ ಬಿಡಬೇಡಿ, ತಲಾ ಒಂದೊಂದು ಪೋಣಿಸಿ" ಎಂದಳಂತೆ. ಹಾಗೆ ಒಬ್ಬೊಬ್ಬರಿಗೆ 20 ಹವಳ, ಒಂದು ಗಾಜು, ಉಳಿದ ಉದ್ದಕ್ಕೆ ಕರಿಮಣಿ. ಮಿಕ್ಕ ಒಂದು ಹವಳವನ್ನು ಚೀಟಿಯಲ್ಲಿ ಕಟ್ಟಿ ಹಿಂದಿರುಗಿಸಿದ್ದಾಯಿತು.

ಆದುದರಿಂದ ಹಳೆಯ ಮಣಿಗಳನ್ನು ಕೊಡುವಾಗ ಇಬ್ಬರ ಎದುರಿನಲ್ಲಿಯೇ ಎಣಿಸಿ, ತೂಗಿ, ಎಣಿಕೆ, ತೂಕ, ಕೂಲಿ, ಮುಗಿಸಿಕೊಡುವ ದಿನ ಇಷ್ಟನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇದು ಅಪನಂಬಿಕೆಯಲ್ಲ, ನಂಬಿಕೆಗೆ ಕಟ್ಟಿದ ಬೇಲಿ.

ಕೊನೆಯದಾಗಿ ಕೂಲಿಯ ಮಾತು. ಚಿನ್ನದ ತೂಕಕ್ಕೆ ಚೌಕಾಸಿಯಿಲ್ಲದೆ ಹಣ ಕೊಡುವವರು, ಎರಡು ದಿನ ಕಣ್ಣು ಬೆರಳುಗಳನ್ನು ಸವೆಸಿದವರ ಕೂಲಿಯಲ್ಲಿ ಹತ್ತು ರೂಪಾಯಿ ಇಳಿಸಲು ಅರ್ಧ ಗಂಟೆ ವಾದಿಸುವುದುಂಟು. ಸಂಸ್ಕೃತದಲ್ಲಿ ದಾರಕ್ಕೂ, ಶಾಸ್ತ್ರವನ್ನು ಕಟ್ಟಿಹಿಡಿಯುವ ಚಿಕ್ಕ ವಾಕ್ಯಕ್ಕೂ ಸೂತ್ರವೆಂಬುದು ಒಂದೇ ಹೆಸರು. ಎರಡೂ ಕಣ್ಣಿಗೆ ಅಲ್ಪ. ಎರಡೂ ಇಲ್ಲದಿದ್ದರೆ ಉಳಿದದ್ದು ಚೆಲ್ಲಾಪಿಲ್ಲಿ. ಪೋಣಿಸಿದವರ ಶ್ರಮವೂ ಆ ದಾರದಂತೆಯೇ ಒಳಗೆ ಅಡಗಿರುತ್ತದೆ. ಅದಕ್ಕೆ ಸಲ್ಲತಕ್ಕ ಬೆಲೆಯನ್ನು ಸಂತೋಷದಿಂದ ಸಲ್ಲಿಸಿರಿ. ನಿತ್ಯವೂ ಧರಿಸುವ ಸರವಾದರೆ ವರ್ಷಕ್ಕೊಮ್ಮೆ ದಾರವನ್ನು ತೋರಿಸಿ, ಸವೆದಿದ್ದರೆ ಹೊಸದಾಗಿ ಪೋಣಿಸಿಕೊಳ್ಳಿರಿ.