ಮುದ್ರೆ ಟ್ಯೂಬಿಗೆ, ಪಟ್ಟಿಗಲ್ಲ

ಹಳೆಯ ಟ್ಯೂಬ್‌ಲೈಟಿನ ತಗಡು ಪಟ್ಟಿಗೇ ಎಲ್‌ಇಡಿ ಟ್ಯೂಬ್ ಹಾಕಿಸುವವರು "ಬಿಐಎಸ್ ಗುರುತಿದೆಯಲ್ಲ, ಇನ್ನೇನು ಭಯ?" ಎನ್ನುತ್ತಾರೆ. ಆ ಗುರುತು ಹೊಸ ಟ್ಯೂಬಿನದು. ಚೋಕು, ಸ್ಟಾರ್ಟರ್ ಕಿತ್ತು, 230 ವೋಲ್ಟನ್ನು ನೇರವಾಗಿ ಹೋಲ್ಡರಿಗೆ ಕೊಟ್ಟ ಹಳೆಯ ಪಟ್ಟಿಯದಲ್ಲ. ಆ ಜೋಡಣೆಯನ್ನು ಪರೀಕ್ಷಿಸಿದವರು ಯಾರು? ಇಪ್ಪತ್ತು ವರ್ಷದ ಹೋಲ್ಡರ್ ಬಿರುಕು ಬಿಟ್ಟಿಲ್ಲವೇ? ತಗಡಿಗೆ ಅರ್ಥಿಂಗ್ ಇದೆಯೇ? ನಾಳೆ ಯಾರೋ ತಿಳಿಯದೆ ಹಳೆಯ ಟ್ಯೂಬನ್ನೇ ಸಿಕ್ಕಿಸಿದರೆ, ಕರೆಂಟನ್ನು ಹಿಡಿದಿಡಲು ಚೋಕೇ ಇಲ್ಲ!

ಹಬ್ಬದ ಮುಂಚೆ ಸ್ಟೂಲು ಹತ್ತಿ ಅದರ ಧೂಳು ಒರೆಸುವವರು ನಾವು ಹೆಂಗಸರು. "ನಿಮಗೇಕಮ್ಮ ಇದೆಲ್ಲ?" ಎಂದರೆ ಸುಮ್ಮನಾಗಬೇಡಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ, ಪಟ್ಟಿಯ ಮೇಲೆ "ಎಲ್‌ಇಡಿಗೆ ಮಾತ್ರ" ಎಂದು ಬರೆಸಿ. ಅದಾಗದಿದ್ದರೆ ಇಡೀ ಸೆಟ್ಟನ್ನೇ ಬದಲಿಸಿ. ನಾಲ್ಕು ಕಾಸು ಉಳಿಸಲು ಮನೆಯವರ ಜೀವವನ್ನು ಒತ್ತೆಯಿಡುವುದು ಯಾವ ಉಳಿತಾಯ?