ಡ್ರೋನ್ ಕೊಟ್ಟಿದ್ದೀರಿ, ಅದರ ಬ್ಯಾಟರಿಗೊಂದು ಜಾಗ ಕೊಡಿ

ಮಾನ್ಯ ಕಲಬುರಗಿ ಜಿಲ್ಲಾಧಿಕಾರಿಗಳಿಗೆ,



ತೊಗರಿ ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕದ ಕಾಟ ಶುರುವಾಗುತ್ತದೆ. ಅಷ್ಟರಲ್ಲಿ ಬೆಳೆ ಎದೆಮಟ್ಟಕ್ಕೆ ಬಂದಿರುವುದರಿಂದ, ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಲಿನೊಳಗೆ ಹೊಕ್ಕು ಎಣ್ಣೆ ಹೊಡೆಯುವವರ ಮೈಮೇಲೆಯೇ ವಿಷ ಬೀಳುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಎರೆ ಹೊಲಗಳಿಗೆ ಡ್ರೋನ್ ಬಂದದ್ದು ಈ ಒಂದು ಕಾರಣಕ್ಕಾದರೂ ಒಳ್ಳೆಯದೇ. ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬಳು ಹೊಲದ ಬದುವಿನ ಮೇಲೆ ನಿಂತು ಅದನ್ನು ಹಾರಿಸುತ್ತಾಳೆಂದರೆ ಇನ್ನೂ ಒಳ್ಳೆಯದು. ನನ್ನ ಅಹವಾಲು ಇರುವುದು ಡ್ರೋನ್ ನೆಲಕ್ಕಿಳಿದ ಮೇಲೆ ಬಿಚ್ಚಿ ಮನೆಗೆ ಒಯ್ಯುವ ಬ್ಯಾಟರಿಯ ಬಗ್ಗೆ. ಅದನ್ನು ಎಲ್ಲಿ, ಯಾವಾಗ, ಯಾರ ಕಣ್ಣೆದುರು ಚಾರ್ಜ್ ಮಾಡಬೇಕು ಎಂಬುದನ್ನು ಇವತ್ತು ಆ ಹೆಣ್ಣುಮಗಳ ತಲೆಗೇ ಬಿಟ್ಟಿದ್ದೇವೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ತಾವೇ ಆಗಿರುವುದರಿಂದ ಈ ಪತ್ರ ತಮಗೆ.

ಹತ್ತು ಲೀಟರಿನ ಸಿಂಪಡಣೆ ಡ್ರೋನಿಗೆ ಸಾಮಾನ್ಯವಾಗಿ ಆರು ಸೆಲ್‌ಗಳ, 22,000 ಎಂಎಎಚ್‌ವರೆಗಿನ ಎರಡು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಬೇಕು. ಎರಡೂ ಸೇರಿದರೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ತು, ಅಂದರೆ ಸುಮಾರು ಐವತ್ತು ಮೊಬೈಲುಗಳಲ್ಲಿರುವಷ್ಟು ಶಕ್ತಿ. ರಿಮೋಟ್ ವಿಮಾನ ಹಾರಿಸುವ ಹವ್ಯಾಸಿಗಳು ಬಳಸುವ ಸಾಧಾರಣ ಬ್ಯಾಟರಿಯಲ್ಲಿ ಇಂಥ ಒಂದು ಬ್ಯಾಟರಿಯ ಸುಮಾರು ಇಪ್ಪತ್ತನೇ ಒಂದು ಪಾಲು ಶಕ್ತಿಯಷ್ಟೇ ಇರುತ್ತದೆ. ಹಾಗಿದ್ದೂ ಆ ಹವ್ಯಾಸಿಗಳು ಕೈ ಸುಟ್ಟುಕೊಂಡೇ ಕೆಲವು ಪಾಠ ಕಲಿತಿದ್ದಾರೆ. ಮರದ ಮೇಜಿನ ಮೇಲೆ, ಹಾಸಿಗೆಯ ಪಕ್ಕ ಚಾರ್ಜ್ ಮಾಡಬಾರದು. ಕಲ್ಲು ಇಲ್ಲವೇ ಮಣ್ಣಿನ ಪಾತ್ರೆಯಲ್ಲಿಡಬೇಕು. ಚಾರ್ಜಿಗೆ ಹಾಕಿ ಮಲಗಬಾರದು, ಉಬ್ಬಿದ್ದನ್ನು ಮತ್ತೆ ಮುಟ್ಟಬಾರದು. ಆಟದ ವಿಮಾನಕ್ಕೇ ಇಷ್ಟು ಜತನ ಬೇಕಿರುವಾಗ, ಇಪ್ಪತ್ತು ಪಟ್ಟು ದೊಡ್ಡದನ್ನು ಎಲ್ಲಿಡಬೇಕೆಂದು ನಮ್ಮಲ್ಲಿ ಯಾರೂ ಕೇಳಿಲ್ಲ.

ಲಿಪೊ ಸೆಲ್ಲಿಗೆ ಗಟ್ಟಿ ಕವಚ ಇರುವುದಿಲ್ಲ; ತೂಕ ಉಳಿಸಲು ಅದನ್ನು ತೆಳುವಾದ ಹಾಳೆಯ ಚೀಲದೊಳಗೆ ಕಟ್ಟಿರುತ್ತಾರೆ. ಪ್ರತಿ ಸೆಲ್ಲಿನ ಮಿತಿ 4.2 ವೋಲ್ಟ್. ಅದನ್ನು ದಾಟಿಸಿದರೆ ಒಳಗೆ ಲಿಥಿಯಂ ಲೋಹ ಪದರಗಟ್ಟುತ್ತದೆ, ಕೊನೆಗೆ ಒಳಗೊಳಗೇ ಶಾರ್ಟ್ ಆಗುತ್ತದೆ. ಆಗ ಹುಟ್ಟಿದ ಶಾಖ ಇನ್ನಷ್ಟು ಶಾಖ ಹುಟ್ಟಿಸುತ್ತ ಪಕ್ಕದ ಸೆಲ್ಲಿಗೆ ಹಬ್ಬುತ್ತದೆ. ಹೊರಬರುವ ಹೊಗೆ ತಾನೇ ಹೊತ್ತಿಕೊಳ್ಳಬಲ್ಲದು, ಅದರಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷವೂ ಇರುತ್ತದೆ. ಪುಡಿಯ ಅಗ್ನಿಶಾಮಕ ಸಿಲಿಂಡರ್ ಜ್ವಾಲೆಯನ್ನು ಆರಿಸೀತು, ಸೆಲ್ಲನ್ನು ತಣಿಸದು. ಹಾಗಾಗಿ ಆರಿದ್ದು ಮತ್ತೆ ಹೊತ್ತಿಕೊಳ್ಳುತ್ತದೆ. 45 ಡಿಗ್ರಿಗಿಂತ ಬಿಸಿಯಾದ ಸೆಲ್ಲನ್ನು ಚಾರ್ಜ್ ಮಾಡಬಾರದೆಂಬುದು ಸಾಮಾನ್ಯ ನಿಯಮ. ಹಾರಿ ಬಂದ ಬ್ಯಾಟರಿ ಆ ಮಿತಿಯನ್ನು ಸುಲಭವಾಗಿ ಮೀರಿರುತ್ತದೆ.

ಇಲ್ಲೊಂದು ಲೆಕ್ಕವನ್ನು ತಾವು ಗಮನಿಸಬೇಕು. 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸಂಘಗಳಿಗೆ ಡ್ರೋನ್ ಕೊಡುವ ಗುರಿಯದು; ವೆಚ್ಚದ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಕೇಂದ್ರದ ನೆರವು. ದಿನಕ್ಕೆ 20 ಎಕರೆ ಹೊಡೆಯಬಹುದೆಂಬುದು ಯೋಜನೆಯದೇ ಅಂದಾಜು. ಒಂದು ಜೋಡಿ ಬ್ಯಾಟರಿ ಹತ್ತು ಹನ್ನೆರಡು ನಿಮಿಷ ಹಾರಿ ಹೆಚ್ಚೆಂದರೆ ಒಂದೂಕಾಲು ಎಕರೆ ಮುಗಿಸುತ್ತದೆ. ಹೆಚ್ಚುವರಿ ನಾಲ್ಕು ಜೋಡಿ ಸೇರಿ ಐದು ಜೋಡಿ ಇದ್ದರೂ ಪ್ರತಿಯೊಂದನ್ನೂ ದಿನಕ್ಕೆ ಮೂರು ನಾಲ್ಕು ಸಲ ಚಾರ್ಜ್ ಮಾಡಲೇಬೇಕು. ಗಾಳಿ ಕಡಿಮೆ ಇರುವ ಬೆಳಗು ಮತ್ತು ಸಂಜೆಯಷ್ಟೇ ಸಿಂಪಡಣೆಗೆ ಹದವಾದ ಹೊತ್ತು. ಬ್ಯಾಟರಿ ತಣ್ಣಗಾಗುವವರೆಗೆ ಕಾಯಿರಿ ಎಂದು ಬಳಕೆಯ ಕೈಪಿಡಿ ಹೇಳುತ್ತದೆ. ಎಕರೆಯ ಲೆಕ್ಕದಲ್ಲಿ ಬಾಡಿಗೆ ಎಣಿಸುವ ಕೆಲಸ ಕಾಯಲು ಬಿಡುವುದಿಲ್ಲ. ಬಿಸಿಯಾಗಿರುವಾಗಲೇ ಚಾರ್ಜರಿಗೆ ಸಿಕ್ಕಿಸಿದರೆ ಅದನ್ನು ಬರೀ ಆಕೆಯ ಅಜಾಗರೂಕತೆ ಎನ್ನುವುದು ನ್ಯಾಯವಲ್ಲ. ಉಳಿದ ಜೋಡಿಗಳಿಗೆ ಮರುದಿನ ನಸುಕಿನ ಕೆಲಸಕ್ಕೆಂದು ರಾತ್ರಿಯೇ ಕರೆಂಟು ಬೇಕು. ಅಂದರೆ ಎಲ್ಲರೂ ಮಲಗಿರುವಾಗ, ಮನೆಯೊಳಗೆ.

ಆ ಮನೆ ಎಂಥದ್ದೆಂದು ತಮಗೆ ಗೊತ್ತಿದೆ. ಇರುವ ಒಂದೆರಡು ಕೋಣೆಯಲ್ಲೇ ಕಾಳಿನ ಚೀಲ, ಹಾಸಿಗೆ, ಔಷಧದ ಡಬ್ಬಿ. ಅಂಗಳದಲ್ಲಿ ಜೋಳದ ಕಣಿಕೆಯ ಬಣವೆ, ಗೋಡೆಗೆ ಒರಗಿಸಿದ ತೊಗರಿ ಕಟ್ಟಿಗೆ. ಚಿಂಚೋಳಿಯ ಕೊಂಚಾವರಂ ಕಾಡಂಚಿನ ಹಳ್ಳಿಗೆ ಅಗ್ನಿಶಾಮಕ ವಾಹನ ತಲುಪುವಷ್ಟರಲ್ಲಿ ಇವೆಲ್ಲ ಉರಿದು ಮುಗಿದಿರುತ್ತವೆ. ಇನ್ನು ಬೇಸಿಗೆ. ತೊಗರಿ ರಾಶಿ ಮುಗಿದ ಮೇಲೆ ಡ್ರೋನಿಗೆ ಹೆಚ್ಚು ಕೆಲಸವಿರುವುದಿಲ್ಲ. ಬ್ಯಾಟರಿಗಳು ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತವೆ. ಪೂರ್ತಿ ಚಾರ್ಜಿನಲ್ಲಿಟ್ಟ ಲಿಪೊ ಬಿಸಿಲಿಗೆ ಬೇಗ ಕೆಡುತ್ತದೆ, ಉಬ್ಬುತ್ತದೆ. ಹೊರಗೇ 42, 43 ಡಿಗ್ರಿ ಕಾಯುವ ನಮ್ಮ ಏಪ್ರಿಲ್–ಮೇನಲ್ಲಿ ತಗಡಿನ ಸೂರಿನಡಿ ಅದರ ಗತಿ ಏನೆಂದು ಬೇರೆ ಹೇಳಬೇಕಿಲ್ಲ. ಪ್ರತಿ ಸೆಲ್ಲನ್ನು ಸುಮಾರು 3.8 ವೋಲ್ಟಿಗೆ ಇಳಿಸಿ ತಂಪಾದ ಕಡೆ ಇಡಬೇಕು. ಆ ಕೆಲಸಕ್ಕೆ ಚಾರ್ಜರಿನಲ್ಲೇ ಸ್ಟೋರೇಜ್ ಮೋಡ್ ಇರುತ್ತದೆ, ಆದರೆ ತಂಪಾದ ಕಡೆ?

ನಮ್ಮಲ್ಲಿ ಇಂಥದ್ದೇನೂ ಆಗಿಲ್ಲವಲ್ಲ ಎಂದು ಕೇಳುವವರಿದ್ದಾರೆ. ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಹೋಗುವ ರೈಲುಮಾರ್ಗದ ಆಚೆ ತುದಿಯೇ ಸಿಕಂದರಾಬಾದ್. 2022ರ ಸೆಪ್ಟೆಂಬರ್ 12ರ ರಾತ್ರಿ ಅಲ್ಲಿನ ಕಟ್ಟಡವೊಂದರ ಕೆಳಭಾಗದ ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ ಬೆಂಕಿ ಹೊತ್ತಿಕೊಂಡು, ಮೇಲಿನ ವಸತಿಗೃಹದಲ್ಲಿದ್ದ ಎಂಟು ಮಂದಿ ಸತ್ತರು. ಅದೇ ವರ್ಷ ಮಾರ್ಚಿನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದ ಸ್ಕೂಟರ್ ಹೊತ್ತಿ, ಹೊಗೆಯಲ್ಲಿ ತಂದೆ ಮಗಳು ಉಸಿರುಗಟ್ಟಿ ತೀರಿಕೊಂಡರು. ಸ್ಕೂಟರೇ ಬೇರೆ, ಡ್ರೋನೇ ಬೇರೆ ಎನ್ನಬಹುದು. ನಿಜ, ಆದರೆ ಆ ವ್ಯತ್ಯಾಸ ಡ್ರೋನಿನ ಪರವಾಗಿಲ್ಲ. ಆ ಸಾವುಗಳ ನಂತರ ಕೇಂದ್ರ ಸರ್ಕಾರ ಎಐಎಸ್–156 ಎಂಬ ಮಾನದಂಡವನ್ನು ಬಿಗಿಗೊಳಿಸಿತು, ಅದು ಅನ್ವಯಿಸುವುದು ರಸ್ತೆ ವಾಹನಕ್ಕೆ. ಡ್ರೋನ್ ಬ್ಯಾಟರಿಗೆ ಸ್ಕೂಟರ್ ಬ್ಯಾಟರಿಗಿರುವ ಗಟ್ಟಿ ಪೆಟ್ಟಿಗೆಯ ರಕ್ಷಣೆಯೂ ಇಲ್ಲ. ವಿಮಾನದಲ್ಲಿ ಪ್ರಯಾಣಿಕರು 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿಯನ್ನು ಒಯ್ಯಬಹುದು, ಕಂಪನಿಯ ಒಪ್ಪಿಗೆ ಪಡೆದರೆ 160ರವರೆಗೆ. ನಮ್ಮ ಹೊಲದ ಒಂದು ಬ್ಯಾಟರಿ 480 ದಾಟಬಲ್ಲದು. ವಿಮಾನಕ್ಕೆ ಹತ್ತಿಸಲಾಗದ್ದನ್ನು ಮಕ್ಕಳು ಮಲಗುವ ಕೋಣೆಯಲ್ಲಿ ಇಡಿಸಿದ್ದೇವೆ.

ಬ್ಯಾಟರಿ ತುಂಬಿದ ಕೂಡಲೇ ಚಾರ್ಜರ್ ತಾನೇ ನಿಲ್ಲುತ್ತದಲ್ಲ ಎಂಬ ಮಾತೂ ಇದೆ. ನಿಲ್ಲುತ್ತದೆ, ಒಳ್ಳೆಯ ಚಾರ್ಜರ್ ಪ್ರತಿ ಸೆಲ್ಲನ್ನೂ ಬ್ಯಾಲೆನ್ಸ್ ಮಾಡುತ್ತದೆ. ಆದರೆ ಅದು ಅಳೆಯುವುದು ವೋಲ್ಟೇಜನ್ನು. ಗಾಡಿಯಿಂದ ಬಿದ್ದು ಒಳಗೆ ಜಜ್ಜಿಹೋದದ್ದು ಅದಕ್ಕೆ ಕಾಣುವುದಿಲ್ಲ. ಅಂಥ ಸೆಲ್ ಮಿತಿಯೊಳಗಿನ ಚಾರ್ಜಿನಲ್ಲೂ ಹೊತ್ತಬಹುದು. ಹದಿನೈದು ದಿನದ ತರಬೇತಿ ಕೊಡುತ್ತೇವಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ತರಬೇತಿ ತಿಳಿವಳಿಕೆ ಕೊಡುತ್ತದೆ, ಬೇರೆ ಕೋಣೆ ಕೊಡುವುದಿಲ್ಲ. ವಾಡಿ, ಶಹಾಬಾದ್, ಸೇಡಂ ಸುತ್ತಿನ ದೊಡ್ಡ ಸುಣ್ಣಕಲ್ಲು ಗಣಿಗಳೂ 2021ರ ಗಣಿ ನಿಯಮಗಳ ತಿದ್ದುಪಡಿಯಿಂದಾಗಿ ವರ್ಷವರ್ಷ ಡ್ರೋನ್ ಸರ್ವೆ ಮಾಡಿಸಬೇಕಾಗಿದೆ. ಅಂಥ ಗಣಿಗಳಲ್ಲಿ ಸುರಕ್ಷತೆಯನ್ನು ನೋಡಿಕೊಳ್ಳಲೆಂದೇ ಅಧಿಕಾರಿಗಳಿರುತ್ತಾರೆ. ಸಂಘದ ಹೆಣ್ಣುಮಗಳಿಗೂ ಒಂದು ವ್ಯವಸ್ಥೆಯ ಆಸರೆ ಬೇಡವೇ?

ಖರ್ಚಿನ ಮಾತು ಬರುತ್ತದೆಂದು ಗೊತ್ತಿದ್ದೇ ಹೇಳುತ್ತೇನೆ, ಇದಕ್ಕೆ ಬೇಕಾದ ಮುಖ್ಯ ಸಾಮಗ್ರಿ ಈ ಜಿಲ್ಲೆಯ ನೆಲದೊಳಗೇ ಇದೆ. ಶಹಾಬಾದ್ ಪರಸಿ ಕಲ್ಲು ಉರಿಯುವುದಿಲ್ಲ. ಕೃಷಿ ಯಂತ್ರಧಾರೆ ಕೇಂದ್ರ, ರೈತ ಸಂಪರ್ಕ ಕೇಂದ್ರ ಅಥವಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಕಟ್ಟಡದ ಹೊರಗೋಡೆಗೆ, ನೆರಳಿರುವ ಕಡೆ, ಪರಸಿಯ ಗೂಡುಗಳನ್ನು ಕಟ್ಟಿಸಬಹುದು. ಒಂದು ಗೂಡಿಗೆ ಒಂದೇ ಬ್ಯಾಟರಿ, ನಡುವೆ ಕಲ್ಲಿನ ಅಡ್ಡಗೋಡೆ, ಹೊಗೆ ಹೋಗಲು ಮೇಲೆ ತೆರಪು. ಮುಚ್ಚಿದ ಪೆಟ್ಟಿಗೆಯಲ್ಲಿ ಅನಿಲ ಕಟ್ಟಿಕೊಂಡು ಸಿಡಿಯಬಹುದು, ಆದ್ದರಿಂದ ಬೀಗ ಬೀಳಬೇಕಾದದ್ದು ಜಾಲರಿ ಬಾಗಿಲಿಗೆ. ದೂರದಿಂದಲೇ ಕರೆಂಟು ಕಡಿಯುವ ಸ್ವಿಚ್ಚು, ಮರಳಿನ ಬಕೆಟ್ಟು, ಧಾರಾಳ ನೀರಿನ ನಲ್ಲಿ ಇರಲಿ. ವಿದ್ಯುತ್ ಪೂರೈಸುವ ಜೆಸ್ಕಾಂನ ಸಿಬ್ಬಂದಿ ಅರ್ಥಿಂಗ್ ನೋಡಿಕೊಡಲಿ, ಅಗ್ನಿಶಾಮಕ ದಳ ವರ್ಷಕ್ಕೊಮ್ಮೆ ತಪಾಸಣೆ ಮಾಡಲಿ. ಕೇಂದ್ರ ದೂರವಾಗುತ್ತದೆಂಬ ಆಕ್ಷೇಪ ಸಣ್ಣ ಹಳ್ಳಿಗಳ ಮಟ್ಟಿಗೆ ನಿಜ. ಅಂಥ ಕಡೆ ಪಂಚಾಯಿತಿ ಕಟ್ಟಡದ ಬದಿಗೆ ಎರಡೇ ಗೂಡಾದರೂ ಸಾಕು. ಬ್ಯಾಟರಿ ಜೋಪಾನವಾಗಿದ್ದರೆ ಹೆಚ್ಚು ಹಂಗಾಮು ಬಾಳುತ್ತದೆ, ಸಂಘದ ಆದಾಯಕ್ಕೂ ಅದೇ ಲಾಭ. ಡ್ರೋನ್ ಬಳಸುವ ಮದುವೆ ಚಿತ್ರೀಕರಣದವರಿಗೂ ರಿಮೋಟ್ ಆಟಿಕೆಯ ಮಕ್ಕಳಿಗೂ ಅಲ್ಲೊಂದು ಗೂಡು ತೆರೆದಿಟ್ಟರೆ ತಪ್ಪೇನೂ ಇಲ್ಲ.

ಉಬ್ಬಿದ ಬ್ಯಾಟರಿಯನ್ನು ಗುಜರಿಗೆ ಹಾಕುವುದನ್ನೂ ತಡೆಯಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಡ್ರೋನ್ ಹಸ್ತಾಂತರಿಸುವಾಗಲೇ ಆ ಕಂಪನಿಯಿಂದ ತಾಲ್ಲೂಕಿಗೊಬ್ಬ ಸಂಗ್ರಹಕಾರನ ಹೆಸರು ಬರೆಸಿಕೊಳ್ಳಲು ತಮ್ಮ ಒಂದು ಸುತ್ತೋಲೆ ಸಾಕು. ಈ ಸಲದ ತೊಗರಿ ಹೂಬಿಡುವ ಮೊದಲು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ತಲಾ ಒಂದು ಕಡೆಯಾದರೂ ಪರಸಿಯ ಗೂಡು ಕಟ್ಟಿಸಿಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ಜಿಲ್ಲೆಯ ಒಬ್ಬ ನಾಗರಿಕ