ಹಣ್ಣಿದೆ, ಹೆಚ್ಚಿಡುವವರಿಲ್ಲ

ನಾನು ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡುವವನು. ಕಿಟಕಿಯ ಆಚೆ ನಿಂತವರು ಕನ್ನಡವೋ ತುಳುವೋ ಮಾತಾಡಿದರೆ ಎರಡು ನಿಮಿಷ ಹೆಚ್ಚೇ ಮಾತಾಡುತ್ತೇನೆ. ಆಗ ಹೆಚ್ಚಾಗಿ ಕೇಳಿಬರುವ ಮಾತು, "ಸುಸ್ತು ಸಾರ್, ಶಕ್ತಿಗೆ ಒಂದು ವಿಟಮಿನ್ ಮಾತ್ರೆ ಕೊಡಿ." ಹಣ್ಣು ತಿನ್ನುತ್ತೀರಾ ಎಂದು ಕೇಳಿದರೆ ಉತ್ತರವೂ ಹೆಚ್ಚುಕಡಿಮೆ ಒಂದೇ: "ತರ್ತೇವೆ ಸಾರ್, ತಿನ್ಲಿಕ್ಕೆ ಆಗುವುದಿಲ್ಲ."

ಈ ಉತ್ತರ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಫಾರ್ಮಸಿ ಡಿಪ್ಲೊಮಾ ಹಿಡಿದು ಶಾರ್ಜಾಕ್ಕೆ ಬಂದ ಮೊದಲ ವರ್ಷಗಳಲ್ಲಿ ನಾವು ಆರು ಮಂದಿ ಒಂದೇ ರೂಮಿನಲ್ಲಿದ್ದೆವು. ಶುಕ್ರವಾರ ರಜೆಯಲ್ಲಿ ತಂದ ಪಪ್ಪಾಯಿ ಮುಂದಿನ ಗುರುವಾರ ಫ್ರಿಡ್ಜಿನಿಂದ ನೇರ ಕಸದ ಚೀಲಕ್ಕೆ ಹೋಗುತ್ತಿತ್ತು. ತಿನ್ನುವ ಮನಸ್ಸಿಲ್ಲ ಎಂದಲ್ಲ. ಡ್ಯೂಟಿ ಮುಗಿಸಿ ಬಂದವನಿಗೆ ಸಿಪ್ಪೆ ತೆಗೆದು, ಬೀಜ ಕೆರೆದು, ಮತ್ತೆ ಪಾತ್ರೆ ತೊಳೆಯುವ ತಾಳ್ಮೆ ಇರುತ್ತಿರಲಿಲ್ಲ.

ಪುತ್ತೂರಿನ ನಮ್ಮ ಮನೆಯಲ್ಲಿ "ಹಣ್ಣು ತಿನ್ನು, ಆರೋಗ್ಯಕ್ಕೆ ಒಳ್ಳೆಯದು" ಎಂದು ಯಾರೂ ಹೇಳಿದ ನೆನಪಿಲ್ಲ. ಊಟವಾದ ಮೇಲೆ ಅಮ್ಮ ಮೆಟ್ಟುಕತ್ತಿಯಲ್ಲಿ ಪಪ್ಪಾಯಿಯನ್ನೋ ಅನಾನಸನ್ನೋ ತುಂಡು ಮಾಡಿ ಬಟ್ಟಲಲ್ಲಿ ಜಗಲಿಗೆ ತಂದಿಡುತ್ತಿದ್ದರು. ಮಾತಿನ ಮಧ್ಯೆ ಬಟ್ಟಲು ಖಾಲಿಯಾಗುತ್ತಿತ್ತು, ಅಷ್ಟೇ.

ಗಲ್ಫಿನಲ್ಲಿ ನಮಗೆ ಹಣ್ಣಿನ ಕೊರತೆ ಇಲ್ಲ. ಈಜಿಪ್ಟಿನ ಕಿತ್ತಳೆ, ಫಿಲಿಪ್ಪೀನ್ಸಿನ ಬಾಳೆ, ಈ ನೆಲದ್ದೇ ಖರ್ಜೂರ ಎಲ್ಲವೂ ಸೂಪರ್ ಮಾರ್ಕೆಟಿನಲ್ಲಿವೆ. ಕೊರತೆ ಇರುವುದು ಹೆಚ್ಚಿ ಮುಂದಿಡುವ ಕೈಗೆ. ಅದಕ್ಕೇ ನನ್ನ ಸಲಹೆ: ರೂಮಿನ ಅಡುಗೆ ಪಾಳಿಯ ಪಟ್ಟಿಗೆ "ಹಣ್ಣು" ಎಂಬ ಇನ್ನೊಂದು ಸಾಲು ಸೇರಲಿ. ಒಬ್ಬ ಸಾರು ಮಾಡುವಾಗ ಇನ್ನೊಬ್ಬ ಹತ್ತು ನಿಮಿಷ ಚೂರಿ ಹಿಡಿದರೆ ಸಾಕು. ದಿನಕ್ಕೆ ಹಣ್ಣು, ತರಕಾರಿ ಸೇರಿ ಕನಿಷ್ಠ 400 ಗ್ರಾಂ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬರೀ ಕುಬೂಸ್, ಕೋಳಿ ಸಾರಿನಲ್ಲಿ ಅದು ಸಿಗುವುದಿಲ್ಲ.

ಕ್ರಮ ಸುಲಭ. ಹಣ್ಣನ್ನು ಹೆಚ್ಚುವ ಮೊದಲೇ ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯಿರಿ, ಸೋಪು ಬೇಡ. ಕಲ್ಲಂಗಡಿಯನ್ನೂ ತೊಳೆಯಬೇಕು, ಇಲ್ಲದಿದ್ದರೆ ಸಿಪ್ಪೆಯ ಕೊಳೆಯನ್ನು ಚೂರಿಯೇ ಒಳಗೆ ಒಯ್ಯುತ್ತದೆ. ಮೀನು, ಮಾಂಸ ಕತ್ತರಿಸುವ ಚೂರಿ, ಹಲಗೆ ಬೇರೆ ಇರಲಿ. ಹೆಚ್ಚಿದ್ದನ್ನು ಮುಚ್ಚಳದ ಡಬ್ಬಿಯಲ್ಲಿ ಫ್ರಿಡ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಿ. ಇಲ್ಲಿನ ಬೇಸಿಗೆಯಲ್ಲಿ ಹೊರಗೆ ಒಂದು ಗಂಟೆಗಿಂತ ಹೆಚ್ಚು ಇಡಬೇಡಿ. ಸೇಬು ಕಪ್ಪಾಗದಿರಲು ನಿಂಬೆರಸ ಸವರಿ, ಪಪ್ಪಾಯಿಗೂ ಅದೇ ನಿಂಬೆ ರುಚಿ ಕೊಡುತ್ತದೆ. ಪೇರಳೆ, ಅಂದರೆ ಸೀಬೆಹಣ್ಣು, ಒಂದು ತಿಂದರೆ ಆ ದಿನದ ವಿಟಮಿನ್ ಸಿ ಆಯಿತು. ಬಿಪಿ ಇರುವವರು ಅದಕ್ಕೆ ಉಪ್ಪು ಬಿಟ್ಟು ಮೆಣಸಿನ ಪುಡಿ ಮಾತ್ರ ಹಾಕಿಕೊಳ್ಳಿ. ಬಾಳೆಹಣ್ಣು ಹಣ್ಣಾಗಿ ಮೆತ್ತಗಾದರೆ ಎಸೆಯಬೇಡಿ, ತೆಂಗಿನಹಾಲು, ಏಲಕ್ಕಿ, ಚೂರು ಬೆಲ್ಲ ಸೇರಿಸಿದರೆ ರಸಾಯನ ಆಯಿತು. ಸೈಟಿಗೆ ಹೋಗುವವರ ಚೀಲಕ್ಕೆ ಬಾಳೆ, ಕಿತ್ತಳೆ ಒಳ್ಳೆಯದು. ಅವಕ್ಕೆ ಚೂರಿಯೂ ಬೇಡ, ಫ್ರಿಡ್ಜೂ ಬೇಡ.

ಆದರೆ ಹಣ್ಣು ಬೇರೆ, ಜ್ಯೂಸ್ ಬೇರೆ. ನಮ್ಮ ಕಡೆಯ ಒಬ್ಬ ಚಾಲಕರ ಶುಗರ್ ಮಾತ್ರೆಯನ್ನು ವೈದ್ಯರು ಎರಡನೆಯ ಸಲ ಹೆಚ್ಚಿಸಿದ್ದರು. "ಸಿಹಿ ಬಿಟ್ಟಿದ್ದೇನೆ ಸಾರ್, ರಾತ್ರಿ ಹಣ್ಣೇ ತೆಗೆದುಕೊಳ್ಳುವುದು" ಎಂದರು. ವಿಚಾರಿಸಿದರೆ ಅದು ಜ್ಯೂಸ್ ಅಂಗಡಿಯ ದೊಡ್ಡ ಗ್ಲಾಸು! ಒಂದು ಗ್ಲಾಸಿಗೆ ಮೂರು ನಾಲ್ಕು ಕಿತ್ತಳೆ ಹಿಂಡಬೇಕು. ನಾರು ಅಲ್ಲೇ ಉಳಿಯುತ್ತದೆ, ಸಕ್ಕರೆ ಬೇಗನೆ ರಕ್ತಕ್ಕೆ ಹೋಗುತ್ತದೆ. ಮುಂದಿನ ಸಲ ಬಂದಾಗ ಅವರ ಮಾತ್ರೆ ಹೆಚ್ಚಿರಲಿಲ್ಲ. ಅದೊಂದೇ ಕಾರಣ ಎನ್ನಲಾರೆ, ಆದರೆ ಜ್ಯೂಸ್ ಬಿಟ್ಟು ಒಂದು ಕಿತ್ತಳೆ ಸುಲಿದು ತಿನ್ನಲು ಶುರು ಮಾಡಿದ್ದರು. ಖರ್ಜೂರವೂ ಹಾಗೆಯೇ, ಒಣಗಿದ್ದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಶುಗರ್ ಇದ್ದವರು ಎಣಿಸಿ ತಿನ್ನಬೇಕು.

ನನ್ನ ಕಸುಬಿನವನಾಗಿ ಇನ್ನೂ ಮೂರು ಮಾತು. ಧೂಳಿನ ಅಲರ್ಜಿಗೆ ಕೊಡುವ ಫೆಕ್ಸೊಫೆನಡಿನ್ ಮಾತ್ರೆಯನ್ನು ಹಣ್ಣಿನ ರಸದೊಂದಿಗೆ ನುಂಗಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ನೀರೇ ಬೇಕು. ಗ್ರೇಪ್‌ಫ್ರೂಟ್ ಎಂದರೆ ದ್ರಾಕ್ಷಿಯಲ್ಲ, ನಮ್ಮ ಚಕ್ಕೋತದ ಬಳಗದ ಕಹಿ ಹಣ್ಣು. ಕೊಲೆಸ್ಟ್ರಾಲಿನ ಅಟೋರ್ವಾಸ್ಟಾಟಿನ್, ಸಿಮ್ವಾಸ್ಟಾಟಿನ್, ಬಿಪಿಯ ನಿಫೆಡಿಪಿನ್ ತೆಗೆದುಕೊಳ್ಳುವವರಿಗೆ ಅದು ರಕ್ತದಲ್ಲಿ ಔಷಧದ ಪ್ರಮಾಣ ಏರಿಸಬಹುದು. ಕಿಡ್ನಿ ತೊಂದರೆ ಇದ್ದವರು ಬಾಳೆಹಣ್ಣು, ಖರ್ಜೂರ, ಎಳನೀರು ಎಷ್ಟು ಎಂದು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ.

ಕೊನೆಗೆ ನಮ್ಮ ಸಂಘಕ್ಕೂ ಒಂದು ಮಾತು. ವೇದಿಕೆಯಲ್ಲಿ ಅತಿಥಿಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುತ್ತೇವೆ. ಬಣ್ಣದ ಕಾಗದ ಸುತ್ತಿದ ಬುಟ್ಟಿ ಮರುದಿನವೂ ಕಾರಿನ ಡಿಕ್ಕಿಯಲ್ಲೇ ಬಾಡಿ ಬಿದ್ದಿದ್ದನ್ನು ನಾನೇ ನೋಡಿದ್ದೇನೆ. ಮುಂದಿನ ರಾಜ್ಯೋತ್ಸವಕ್ಕೆ ಶಾಲು, ಹಾರ ಇರಲಿ. ಬುಟ್ಟಿಯ ಹಣದಲ್ಲಿ ಹಣ್ಣು ತಂದು, ಹೆಚ್ಚಿ, ಊಟದ ಸಾಲಿನಲ್ಲಿ ಪಾಯಸದ ಪಕ್ಕ ಇಡೋಣ. ಲೇಬರ್ ಕ್ಯಾಂಪಿನಿಂದ ಬಸ್ಸು ಹಿಡಿದು ಬಂದ ನಮ್ಮ ಹುಡುಗರ ತಟ್ಟೆಗೂ ಎರಡು ತುಂಡು ಬೀಳಲಿ. ಹೆಚ್ಚುವುದಕ್ಕೆ ಬೆಳಿಗ್ಗೆ ಬೇಗ ನಾನು ಬರುತ್ತೇನೆ. ಚೂರಿ ತರುವ ಇನ್ನಿಬ್ಬರು ಈಗಲೇ ಹೆಸರು ಕೊಡಿ.